ನಾಲ್ಕು ಸೀಸೆಗಳ ಹೊತ್ತು

ಫೆಬ್ರವರಿ 4

ಗುಬ್ಬಿ,

ಎಂಟು ಸೀಸೆಗಳನ್ನು ಇವತ್ತು ಬಸ್ಸಿನ ಪಾರ್ಸೆಲ್ ಕೌಂಟರಿಗೆ ಕೊಟ್ಟು ಬಂದೆ. ಗುಮಾಸ್ತ ಡಬ್ಬ ಅಲ್ಲಾಡಿಸಿ, "ಒಳಗೇನಿದೆ ಸಾರ್?" ಎಂದ. "ಮೀನಿನ ಮರಿ" ಎಂದೆ. "ಜೀವ ಇದೆಯಾ?" ಎಂದ. "ಇಲ್ಲಪ್ಪ, ಸತ್ತ ಮೇಲೆ ಸರ್ಕಾರಿ ಕೆಲಸಕ್ಕೆ ಹೊರಟಿವೆ" ಎಂದೆ. ನಗಲಿಲ್ಲ. ಈಗಿನವರಿಗೆ ನಗುವುದಕ್ಕೂ ಮೇಲಿನಿಂದ ಆದೇಶ ಬರಬೇಕು.

ಫೋನ್ ಮಾಡಬಾರದೇ ಎಂದು ಮತ್ತೆ ಕೇಳಬೇಡ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಎಲ್ಲಿದೆ? ಹನ್ನೊಂದು ವರ್ಷದ ಹಿಂದೆ, ನೂಲಿಗೆ ಬಣ್ಣ ಹಾಕುವ ಶೆಡ್ಡನ್ನು ನಮ್ಮ ಕೊಲ್ಲಿಯ ದಂಡೆಗೆ ತಂದಾಗ ನಗರಸಭೆಯವರು ಹೇಳಿದ್ದೂ ಬಾಯಿಮಾತಿನಲ್ಲೇ: ಬಣ್ಣದ ನೀರು ತಿಳಿಯಾಗಲು ಒಂದು ತೊಟ್ಟಿ ಕಟ್ಟಿಸುತ್ತೇವೆ, ಆಮೇಲಷ್ಟೇ ಕಡಲಿಗೆ ಬಿಡುತ್ತೇವೆ. ಅವತ್ತು ಮಂಗಳವಾರ. ಹೇಳಿದವರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು, ಅಂದರೆ ಎದುರಿಗಿದ್ದ ನಮ್ಮ ಮುಖ ಅವರಿಗೆ ಕಾಣುತ್ತಲೇ ಇರಲಿಲ್ಲ. ನನಗೆ ಎಲ್ಲ ನೆನಪಿದೆ. ತೊಟ್ಟಿ ಇವತ್ತಿಗೂ ಬಂದಿಲ್ಲ. ಚರಂಡಿ ಸೋಮವಾರ ನೀಲಿ, ಗುರುವಾರ ಕೆಂಪು. ಪತ್ರಿಕೆಯ ಓದುಗರ ಪುಟಕ್ಕೆ ಇಪ್ಪತ್ತಮೂರು ಪತ್ರ ಬರೆದೆ. ಹದಿನಾಲ್ಕು ಅಚ್ಚಾದವು, ಅದರಲ್ಲೂ ಐದು ಅಚ್ಚಿನ ತಪ್ಪುಗಳೊಂದಿಗೆ. ಮೂವತ್ತಾರು ವರ್ಷ ಅದೇ ಪತ್ರಿಕೆಯ ಕರಡು ತಿದ್ದಿದವನಿಗೆ ಸಿಕ್ಕ ಗೌರವ ಅದು.

ನೀನು ಅಲ್ಲಿ ಪ್ರಯೋಗಾಲಯದಲ್ಲಿ ಇಷ್ಟು ವರ್ಷದಿಂದ ಮೀನಿನ ಮರಿಗಳ ಹೊಟ್ಟೆ ಬಿಡಿಸಿ ನೋಡುತ್ತಿದ್ದೀಯ. ಅದನ್ನು ನಾನು ಒಂದು ಮದುವೆಮನೆಯಲ್ಲಿ ಎಲ್ಲರೆದುರು ತಮಾಷೆ ಮಾಡಿದ್ದು ನಿನಗೆ ನೆನಪಿರಬಹುದು. ಈಗ ಆ ಹೊಟ್ಟೆಗಳೇ ನನ್ನ ಪರವಾಗಿ ಮಾತಾಡಬೇಕು. ನಾನು ಹೇಳಿದರೆ ಹುಚ್ಚು ಮುದುಕ ಎನ್ನುತ್ತಾರೆ. ಅಂಕಿ ಹೇಳಿದರೆ ಎದ್ದು ಕೂರುತ್ತಾರೆ.

ನೀನು ಕಳಿಸಿದ ನಮೂನೆಯನ್ನು ಒಂದು ಕಾಲಂ ಬಿಡದೆ ತುಂಬಿದ್ದೇನೆ. ಒಂದರಿಂದ ನಾಲ್ಕನೇ ಗುರುತು ಚರಂಡಿಯ ಬಾಯಿಯ ಹತ್ತಿರ. ಐದರಿಂದ ಎಂಟು ಆಚೆ ದಂಡೆ, ದೀಪಸ್ತಂಭದ ಕೆಳಗೆ. ಆಳ, ಅಲೆ, ಗಾಳಿ ಎಲ್ಲ ಇದೆ. ಹೊತ್ತು: ಹನ್ನೊಂದರಿಂದ ಎರಡರೊಳಗೆ, ನೀನು ಹೇಳಿದಂತೆಯೇ. ದೋಣಿ ನಡೆಸಿದವನು ಮೌನಿ. ಬಾಯಿ ಮುಚ್ಚದ ಕಾರಣಕ್ಕೆ ಊರವರು ಅವನಿಗೆ ಇಟ್ಟ ಹೆಸರು ಅದು.

ಬೇಗ ಎಣಿಸು.

ನಿನ್ನ ಅಣ್ಣ


ಫೆಬ್ರವರಿ 19

ಅಣ್ಣ,

ಎಂಟೂ ಸೀಸೆ ಒಡೆಯದೆ ಬಂದವು. ಅವುಗಳಿಗೆ ನೀನು ಸುತ್ತಿದ್ದ ಹಳೆಯ ಪತ್ರಿಕೆಯ ಹಾಳೆಗಳನ್ನು ಓದಿದೆ. ಅಚ್ಚಿನ ತಪ್ಪುಗಳಿಗೆ ನೀನು ಕೆಂಪು ಶಾಯಿಯಲ್ಲಿ ಗುರುತು ಹಾಕಿಯೇ ಸುತ್ತಿದ್ದೀಯ!

ಚಪ್ಪಟೆ ಮೀನಿನ ಮರಿ ನಿನ್ನ ಕಿರುಬೆರಳಿನ ಉಗುರಿನ ಅರ್ಧದಷ್ಟಿರುತ್ತದೆ. ಗಾಜಿನಂತೆ ಪಾರದರ್ಶಕ. ಈ ವಯಸ್ಸಿನಲ್ಲಿ ಅದು ಇನ್ನೂ ಚಪ್ಪಟೆಯಾಗಿರುವುದಿಲ್ಲ, ಉಳಿದ ಮೀನುಗಳಂತೆ ನೆಟ್ಟಗೆ ಈಜುತ್ತದೆ, ಕಣ್ಣು ಎರಡು ಕಡೆಗೂ ಇರುತ್ತವೆ. ಇನ್ನು ಕೆಲವು ವಾರದಲ್ಲಿ ಒಂದು ಕಣ್ಣು ತಲೆಯ ಮೇಲಿಂದ ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ, ಮರಿ ತಳಕ್ಕಿಳಿದು ಮರಳಿನ ಮೇಲೆ ಮಲಗುತ್ತದೆ. ಅಲ್ಲಿಯವರೆಗೆ ನೀರಿನಲ್ಲಿ ತೇಲುತ್ತ, ಕಣ್ಣಿಗೆ ಕಂಡ ಸಣ್ಣ ಹುಳುಗಳನ್ನು ಹಿಡಿದು ತಿನ್ನುತ್ತದೆ. ನಾನು ಎರಡು ಸೂಜಿಗಳಿಂದ ಕರುಳನ್ನು ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಏನು ತಿಂದಿತ್ತು ಎಂದು ಎಣಿಸುತ್ತೇನೆ. ದಿನಕ್ಕೆ ಹನ್ನೆರಡಕ್ಕಿಂತ ಹೆಚ್ಚು ಮಾಡಿದರೆ ಸಂಜೆ ಅಕ್ಷರಗಳೆಲ್ಲ ಈಜಾಡುತ್ತವೆ.

ಈಗ ಅಂಕಿ. ಚರಂಡಿಯ ಹತ್ತಿರದ ನಾಲ್ಕು ಸೀಸೆಗಳಲ್ಲಿ ನಲವತ್ತಾರು ಮರಿ. ಅವುಗಳಲ್ಲಿ ನಲವತ್ತೊಂದರ ಹೊಟ್ಟೆ ಖಾಲಿ. ಆಚೆ ದಂಡೆಯ ನಾಲ್ಕರಲ್ಲಿ ಐವತ್ತೆರಡು. ಖಾಲಿ ಹೊಟ್ಟೆ ಒಂಬತ್ತು ಮಾತ್ರ.

ಇದು ಒಂದು ದಿನದ ಎಣಿಕೆ ಅಣ್ಣ. ಇನ್ನೊಂದು ಸಲ ಬಲೆ ಎಳೆಯದೆ ಏನನ್ನೂ ಹೇಳುವಂತಿಲ್ಲ. ದಯವಿಟ್ಟು ಪತ್ರಿಕೆಗೆ ಕೊಡಬೇಡ.

ಒಂದು ತಮಾಷೆ: ನಿನ್ನ ಒಂದರಿಂದ ನಾಲ್ಕನೇ ಸೀಸೆಗಳ ತುಂಬ ಒಂದು ಬಗೆಯ ಪುಟ್ಟ ಸಿಗಡಿ ಹುಳುಗಳಿದ್ದವು. ಉಬ್ಬಿದ ತಲೆ, ಕೊಂಕಿದ ತೆಳು ಬಾಲ. ಥೇಟ್ ಅಲ್ಪವಿರಾಮ. ನಿನ್ನನ್ನು ಕಡಲಿನಲ್ಲೂ ಬಿಡಲಿಲ್ಲ ನೋಡು. ಹೊತ್ತಿನ ಕಾಲಂ ಸರಿಯಾಗಿ ತುಂಬಿದ್ದೀಯ ತಾನೇ?

ಗುಬ್ಬಿ


ಮಾರ್ಚ್ 2

ಗುಬ್ಬಿ,

ಕೊಟ್ಟುಬಿಟ್ಟೆ. ಬೈಯಬೇಡ. ಕತ್ತರಿಸಿದ ತುಣುಕು ಜೊತೆಗಿದೆ. "ನಮ್ಮ ಕೊಲ್ಲಿಯ ಹಸಿದ ಹೊಟ್ಟೆಗಳು" ಎಂಬ ತಲೆಬರಹ ನನ್ನದೇ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಓದುಗರ ಪುಟದಿಂದ ಹೊರಗೆ ಬಂದು, ಮೂರನೇ ಪುಟದಲ್ಲಿ, ಚೌಕಟ್ಟಿನೊಳಗೆ! "ನಡುಹಗಲಿನಲ್ಲಿ, ತುಂಬಿದ ಬೆಳಕಿನಲ್ಲಿ ಹಸಿವಿನಿಂದ ಸಾಯುತ್ತಿರುವ ನಲವತ್ತೊಂದು ಮರಿಗಳು" ಎಂಬ ಸಾಲು ಚೆನ್ನಾಗಿದೆ ಎಂದು ಸಂಪಾದಕರೇ ಹೇಳಿ ಕಳಿಸಿದರು. ನೀನು ಹೇಳಿದ ಕಣ್ಣು ದಾಟುವ ಸಂಗತಿಯನ್ನೂ ಬಳಸಿಕೊಂಡೆ: ಮೀನಿಗೆ ಎರಡೂ ಕಣ್ಣು ಒಂದೇ ಕಡೆಗೆ ಬರಲು ಕೆಲವು ವಾರ ಬೇಕು, ನಗರಸಭೆಯವರಿಗೆ ಆಯ್ಕೆಯಾದ ಒಂದೇ ದಿನ ಸಾಕು.

ವಾಚನಾಲಯದಲ್ಲಿ ನಿನ್ನ ಅಂಕಿಗಳನ್ನು ಗಟ್ಟಿಯಾಗಿ ಓದಿದೆ. ಚದುರಂಗ ಆಡುವವರು ಕಾಯಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. "ಎಣಿಸಿದವರು ಯಾರು?" ಎಂದು ಒಬ್ಬರು ಕೇಳಿದರು. "ನನ್ನ ತಂಗಿ" ಎಂದೆ. ಎರಡು ಸಲ ಹೇಳಿದೆ.

ಹೊತ್ತಿನ ಕಾಲಂ ಬಗ್ಗೆ ನೀನು ಕೇಳಿದ್ದು ಮಾತ್ರ ನನಗೆ ಹಿಡಿಸಲಿಲ್ಲ. ಕಾಲಂ ತುಂಬುವ ವಿಷಯದಲ್ಲಿ ನಮ್ಮಿಬ್ಬರಲ್ಲಿ ಯಾರು ಯಾರನ್ನು ಕೇಳಬೇಕು? ಹನ್ನೊಂದು ವರ್ಷದವಳಿದ್ದಾಗ ನೀನು ಶಾಲೆಗೆ ಬರೆದ ಅವರೆಬೀಜದ ಪುಸ್ತಕ ನನಗೆ ನೆನಪಿದೆ. ಬೀಜ ಒಣಗಿ ಸತ್ತಿದ್ದವು. ಪುಸ್ತಕದಲ್ಲಿ ಮಾತ್ರ ದಿನಕ್ಕೆ ಅರ್ಧ ಅಂಗುಲ ಬೆಳೆಯುತ್ತಿದ್ದವು. ನಿನ್ನ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋಗಿ, ತರಗತಿಯ ಎದುರು ನಿಲ್ಲಿಸಿ ತಪ್ಪು ಒಪ್ಪಿಸಿದವನು ನಾನು. ಅವತ್ತು ಕಲಿತದ್ದರಿಂದಲೇ ನೀನು ಇವತ್ತು ಇಷ್ಟು ಕರಾರುವಾಕ್ಕಾಗಿ ಎಣಿಸುತ್ತಿದ್ದೀಯ ಎಂಬುದು ನನ್ನ ಹೆಮ್ಮೆ. ಅಲ್ಪವಿರಾಮಗಳ ವಿಷಯ: ಇಡೀ ಆಯುಷ್ಯ ಅವನ್ನು ಬೇಡದ ಕಡೆಯಿಂದ ಕಿತ್ತು ಹಾಕಿದ್ದೇನೆ. ನೀನೂ ಕಿತ್ತು ಹಾಕು.

ಎರಡನೇ ಕಂತಿನ ಎಂಟು ಸೀಸೆ ನಾಳೆ ಹೊರಡುತ್ತವೆ.

ಅಣ್ಣ


ಮಾರ್ಚ್ 13

ಅಣ್ಣ,

ಎರಡನೇ ಕಂತೂ ಹಾಗೆಯೇ ಇದೆ. ಹತ್ತಿರದಲ್ಲಿ ಐವತ್ತಕ್ಕೆ ನಲವತ್ತನಾಲ್ಕು ಖಾಲಿ. ದೂರದಲ್ಲಿ ನಲವತ್ತೆಂಟಕ್ಕೆ ಏಳು.

ನೀನು ಬರೆದದ್ದು ಹೇಗೋ ನಗರಸಭೆಯ ಮೂಲಕ ನಮ್ಮ ನಿರ್ದೇಶಕರಿಗೆ ತಲುಪಿ, ಅವರು ಕೋಷ್ಟಕ ಕೇಳಿದರು. ಕೊಟ್ಟೆ. ಟೈಪಾಗಿ ಬಂದಾಗ ಕೆಳಗೆ "ಎಣಿಕೆ" ಎಂದು ಹಾಕಿ ನನ್ನ ಹೆಸರು ಇತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಇನ್ನು ಹತ್ತು ತಿಂಗಳಿಗೆ ನಿವೃತ್ತಿ. ಬಹುಶಃ ಕೊನೆಯ ಸಲವೂ ಹೌದು.

ಎರಡು ಸಲ "ನನ್ನ ತಂಗಿ" ಎಂದೆಯಲ್ಲ, ಆ ಸಾಲನ್ನು ಪಕ್ಕದ ಮೇಜಿನವಳಿಗೆ ಓದಿ ಹೇಳಿದೆ.

ಕಣ್ಣಿನ ಆಪರೇಷನ್ ಆದ ಮೇಲೆ ನಿನಗೆ ನಡುಹಗಲಿನ ಬಿಸಿಲು ಆಗಿಬರುವುದಿಲ್ಲ ಎಂದಿದ್ದೆ. ಅಷ್ಟು ಹೊತ್ತು ದೋಣಿಯಲ್ಲಿ ಹೇಗೆ ಕೂತಿರುತ್ತೀಯ? ಕಷ್ಟವಾಗಿದ್ದರೆ ಹೇಳು. ನಾನು ಬೇರೆ ಏನೂ ಅಂದುಕೊಳ್ಳುವುದಿಲ್ಲ.

ಗುಬ್ಬಿ


ಮಾರ್ಚ್ 27

ಗುಬ್ಬಿ,

ಬಿಸಿಲಿಗೆ ಟೋಪಿ ಇದೆ. ಮುದುಕನನ್ನು ಕಂಡಂತೆ ವಿಚಾರಿಸಬೇಡ.

ನಿನ್ನ ಕೋಷ್ಟಕ ಕೆಲಸ ಮಾಡಿತು. ಬುಧವಾರ ಬಣ್ಣದ ಶೆಡ್ಡಿಗೆ ಬೀಗ ಹಾಕಿ ಮೊಹರು ಮಾಡಿದರು. ಏಪ್ರಿಲ್ ಮೂವತ್ತಕ್ಕೆ ವಿಚಾರಣೆ. ಖಾಯಂ ಆಗಿ ಮುಚ್ಚುವುದೋ ಬೇಡವೋ ಅವತ್ತು ತೀರ್ಮಾನ. ಒಳಗೆ ಕೆಲಸ ಮಾಡುತ್ತಿದ್ದವರು ಮೂವತ್ತೆಂಟು ಹೆಂಗಸರು. ಅಷ್ಟು ಜನ ಇದ್ದಾರೆಂದು ನಾನು ಲೆಕ್ಕ ಹಾಕಿರಲಿಲ್ಲ. ತಪ್ಪು ಅವರದಲ್ಲ, ತೊಟ್ಟಿ ಕಟ್ಟಿಸದವರದು. ಇದನ್ನು ಮುಂದಿನ ಪತ್ರದಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ.

ನಿನ್ನೆ ಅಲ್ಲಿನ ಮೇಸ್ತ್ರಿ ಅಕ್ಕ ಮನೆಗೆ ಬಂದಿದ್ದಳು. ನಿನ್ನ ಅತ್ತಿಗೆ ಹಾಸಿಗೆ ಹಿಡಿದಿದ್ದಾಗ ಸಂಜೆಗಳಲ್ಲಿ ಬಂದು ಕೂರುತ್ತಿದ್ದಳಲ್ಲ, ಅವಳೇ. ಒಳಗೆ ಬಾ ಎಂದೆ. ಬರಲಿಲ್ಲ, ಮೆಟ್ಟಿಲ ಮೇಲೇ ನಿಂತಳು.

"ಅಣ್ಣ, ಪೇಪರ್‌ನಲ್ಲಿ ನಡುಹಗಲು ಅಂತ ಬರೆದಿದ್ದೀರಿ."

"ಹೌದು."

"ನಾವು ಮಧ್ಯಾಹ್ನ ನೂಲು ಒಣಗೋಕೆ ಹಾಕೋದು ದಂಡೆ ಮೇಲೇನೇ. ಒಬ್ಬರಲ್ಲ ಒಬ್ಬರು ಅಲ್ಲೇ ಇರ್ತೀವಿ. ನೀವು ದೋಣೀಲಿ ಇದ್ದಿದ್ದು ಮೂವತ್ತೆಂಟು ಜೊತೆ ಕಣ್ಣಲ್ಲಿ ಒಂದಕ್ಕೂ ಕಾಣಿಸಲಿಲ್ವಲ್ಲ?"

"ಕೆಲಸ ಮಾಡೋವಾಗ ಕಡಲು ನೋಡ್ತಾ ಕೂರ್ತಾರಾ ಯಾರಾದ್ರೂ?" ಎಂದೆ.

ಅವಳು, "ಬೇರೆ ಯಾರಾದ್ರೂ ಬರೆದಿದ್ರೆ ಜಗಳ ಆಡೋಕೆ ಬರ್ತಿದ್ದೆ. ನೀವು ಬರೆದಿದ್ದಕ್ಕೆ ಕೇಳೋಕೆ ಬಂದೆ" ಎಂದು ಹೋದಳು.

ಧಾರ್ಷ್ಟ್ಯ ನೋಡು! ವಿಚಾರಣೆಯಲ್ಲೂ ಹೀಗೆಯೇ ಕೇಳಿದರೆ ಏನು ಹೇಳಬೇಕು? ನಿಮ್ಮ ವಿಜ್ಞಾನದಲ್ಲಿ ಹೊತ್ತಿಗೆ ಅಷ್ಟೇನು ಮಹತ್ವವಿಲ್ಲವಲ್ಲ? ಖಾಲಿ ಹೊಟ್ಟೆ ಯಾವಾಗ ನೋಡಿದರೂ ಖಾಲಿಯೇ ತಾನೇ?

ಅಣ್ಣ


ಏಪ್ರಿಲ್ 3

ಅಣ್ಣ,

ಈ ಪತ್ರವನ್ನು ಫೆಬ್ರವರಿಯಲ್ಲೇ ಬರೆಯಬೇಕಾಗಿತ್ತು.

ಹೊತ್ತಿಗೆ ಮಹತ್ವ ಇದೆ. ಚಪ್ಪಟೆ ಮೀನಿನ ಮರಿ ಕಣ್ಣಿನಿಂದ ಬೇಟೆಯಾಡುತ್ತದೆ. ಕತ್ತಲಲ್ಲಿ ಅದಕ್ಕೆ ಏನೂ ಕಾಣುವುದಿಲ್ಲ, ತಿನ್ನುವುದಿಲ್ಲ. ಸಂಜೆ ತಿಂದದ್ದು ಕೆಲವೇ ಗಂಟೆಗಳಲ್ಲಿ ಅರಗಿ ಹೋಗುತ್ತದೆ. ಬೆಳಕು ಹರಿಯುವ ಮುಂಚೆ ಬಲೆ ಎಳೆದರೆ ಯಾವ ಕಡಲಿನಲ್ಲಾದರೂ, ಎಷ್ಟು ಶುದ್ಧವಾದ ನೀರಿನಲ್ಲಾದರೂ, ಹೊಟ್ಟೆಗಳು ಖಾಲಿಯೇ ಇರುತ್ತವೆ. ಅದು ಹಸಿವಲ್ಲ ಅಣ್ಣ, ಬೆಳಗಿನ ತಿಂಡಿಗೆ ಮುಂಚಿನ ಹೊಟ್ಟೆ. ನಮೂನೆಯಲ್ಲಿ ಹನ್ನೊಂದರಿಂದ ಎರಡು ಎಂದು ಇರುವುದು ಅದಕ್ಕೇ. ಯಾಕೆಂದು ನಾನು ನಿನಗೆ ಬರೆಯಲಿಲ್ಲ. ಎಲ್ಲ ತಿಳಿದ ಅಣ್ಣನಿಗೆ ಪಾಠ ಹೇಳಲು ಸಂಕೋಚವಾಯಿತು.

ಇನ್ನು ಆ ಅಲ್ಪವಿರಾಮಗಳು. ಅವು ಹಗಲೆಲ್ಲ ತಳದ ಮರಳಿನಲ್ಲಿ ಹೂತುಕೊಂಡಿರುತ್ತವೆ. ಕತ್ತಲಾದ ಮೇಲೆ ಮಾತ್ರ ಮೇಲಕ್ಕೆ ಈಜಿ ಬರುತ್ತವೆ, ಬೆಳಕಾಗುವ ಮುಂಚೆ ಕೆಳಗಿಳಿಯುತ್ತವೆ. ನಿನ್ನ ಒಂದರಿಂದ ನಾಲ್ಕನೇ ಸೀಸೆಯಲ್ಲಿ ಅವು ನೂರಾರು ಇದ್ದವು. ಐದರಿಂದ ಎಂಟರಲ್ಲಿ ಒಂದೂ ಇರಲಿಲ್ಲ. ಎರಡನೇ ಕಂತಿನಲ್ಲೂ ಹಾಗೆಯೇ. ಮೇಲ್ಮಟ್ಟದಲ್ಲಿ ಎಳೆದ ಬಲೆಗೆ ನಡುಹಗಲಿನಲ್ಲಿ ಅವು ಸಿಗುವುದಿಲ್ಲ.

ಮೊದಲ ಸೀಸೆ ತೆರೆದು ಅರ್ಧ ಗಂಟೆಯೊಳಗೆ ನನಗೆ ಇದು ಗೊತ್ತಾಗಿತ್ತು. ತಮಾಷೆಯ ನೆಪದಲ್ಲಿ ನಿನಗೆ ಬರೆದೆ, ನೀನೇ ಹೇಳುತ್ತೀಯ ಎಂದುಕೊಂಡು. ನೀನು ತುಣುಕು ಕಳಿಸಿದೆ. ಬಿಸಿಲಿನ ಬಗ್ಗೆ ನಾನು ಕೇಳಿದೆ. ಟೋಪಿ ಇದೆ ಎಂದು ನೀನು ಬರೆದೆ. ಅಷ್ಟರಲ್ಲಿ ಕೋಷ್ಟಕದ ಕೆಳಗೆ ನನ್ನ ಹೆಸರು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ನೀನು ನನ್ನ ಅಂಕಿಗಳನ್ನು ಊರೆದುರು ಓದಿದ್ದೆ. ಇಷ್ಟು ವರ್ಷದಲ್ಲಿ ನೀನು ನನ್ನ ಕೆಲಸವನ್ನು ಕೆಲಸವೆಂದು ಕರೆದದ್ದು ಅದೇ ಮೊದಲು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅಷ್ಟಕ್ಕಾಗಿ ಮೂವತ್ತೆಂಟು ಹೆಂಗಸರ ಬಾಗಿಲಿಗೆ ಬೀಗ ಬೀಳಲು ಬಿಟ್ಟೆ. ಬರೆಯಲು ಕೈ ನಾಚುತ್ತದೆ.

ಅವರೆಬೀಜದ ಪುಸ್ತಕದ ಮಾತು ಎತ್ತಿದ್ದೆಯಲ್ಲ. ಅವತ್ತು ನಾನು ಸುಳ್ಳು ಬರೆದದ್ದು ನಿಜ. ನಾಲ್ಕು ದಿನ ಜ್ವರದಲ್ಲಿ ಮಲಗಿದ್ದೆ. ಎದ್ದು ನೋಡಿದಾಗ ಬೀಜಗಳು ಒಣಗಿದ್ದವು, ನಾಲ್ಕು ಸಾಲು ಖಾಲಿ ಇದ್ದವು. ಹೆದರಿಕೆಯಿಂದ ತುಂಬಿದೆ. ನೀರು ಹಾಕು, ಅಳತೆ ಬರೆದಿಡು ಎಂದು ನಿನಗೆ ಹೇಳಿದ್ದೆನೆಂದು ಒಂದು ನೆನಪು. ಹೇಳಿದ್ದೆನೋ, ಜ್ವರದಲ್ಲಿ ಹೇಳಿದಂತೆ ಅನಿಸಿತ್ತೋ, ಇವತ್ತಿಗೂ ತಿಳಿಯದು. ಇರಲಿ. ಖಾಲಿ ಸಾಲನ್ನು ಯಾಕೆ ತುಂಬುತ್ತಾರೆಂದು ನನಗೆ ಗೊತ್ತು ಎನ್ನುವುದಕ್ಕೆ ಹೇಳಿದೆ.

ಒಂದೇ ಪ್ರಶ್ನೆ. ಒಂದರಿಂದ ನಾಲ್ಕನೇ ಸೀಸೆಗಳನ್ನು ಎಷ್ಟು ಹೊತ್ತಿಗೆ ತುಂಬಿದೆ?

ಗುಬ್ಬಿ


ಏಪ್ರಿಲ್ 7

ತಂಗಿಗೆ,

ಹುಳುಗಳ ಮಾತು ಕೇಳಿ ಒಡಹುಟ್ಟಿದವನನ್ನು ಕಳ್ಳನೆನ್ನುವ ಕಾಲ ಬಂತು. ನಿನ್ನ ಮೇಜಿನ ಮೇಲೆ ಸೀಸೆಗಳು ಅದಲುಬದಲಾಗಿಲ್ಲ ಎನ್ನುವುದಕ್ಕೆ ಏನು ಖಾತ್ರಿ? ಹುಳು ಹಾದಿ ತಪ್ಪಿ ಮೇಲೆ ಬಂದಿರಬಾರದೇ?

ಎರಡು ತಿಂಗಳು ಗೊತ್ತಿದ್ದೂ ಸುಮ್ಮನಿದ್ದವಳು ಈಗ ನನಗೆ ಪ್ರಶ್ನೆ ಹಾಕುತ್ತೀಯ. ನೀನು ಬದಲಾಗಿಲ್ಲ.

ಹನ್ನೊಂದು ವರ್ಷ ಈ ಚರಂಡಿಯ ಬಗ್ಗೆ ಕೂಗಿದವನು ನಾನೊಬ್ಬನೇ.

(ಸಹಿ ಮಾಡಲು ಮರೆತಿಲ್ಲ, ಬೇಕೆಂದೇ ಮಾಡಿಲ್ಲ.)


ಏಪ್ರಿಲ್ 14

ಅಣ್ಣ,

ನಿನ್ನೆ ನಿರ್ದೇಶಕರ ಕೋಣೆಗೆ ಹೋಗಿ ನನ್ನ ಪಾಲನ್ನು ಹೇಳಿದೆ: ಸೀಸೆಗಳಲ್ಲಿ ಕತ್ತಲಿನ ಹುಳುಗಳಿದ್ದವು, ನನಗೆ ತಿಳಿದಿತ್ತು, ಕೋಷ್ಟಕದಲ್ಲಿ ಬರೆಯಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವಾ?" ಎಂದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕಡತದಲ್ಲಿ ಒಂದು ಟಿಪ್ಪಣಿ ಸೇರುತ್ತದೆ. ಕೋಷ್ಟಕವನ್ನು ವಾಪಸು ತೆಗೆದುಕೊಳ್ಳುವುದಾಗಿ ನಗರಸಭೆಗೆ ಬರೆಯುತ್ತಾರೆ. ಆದರೆ ಹೊತ್ತಿನ ಕಾಲಂ ತುಂಬಿದವರೇ ಹೇಳುವವರೆಗೆ ಅದು ಅನುಮಾನ ಮಾತ್ರ, ವಿಚಾರಣೆಯಲ್ಲಿ ನಿಲ್ಲುವುದಿಲ್ಲ ಎಂದರು. ನಿನ್ನ ಪಾಲನ್ನು ನಾನು ಹೇಳಲಿಲ್ಲ. ಒಬ್ಬರ ಕೈ ಹಿಡಿದು ಎಳೆದುಕೊಂಡು ಹೋಗಿ ತಪ್ಪು ಒಪ್ಪಿಸಿದರೆ ಹೇಗಿರುತ್ತದೆ ಎಂದು ನನಗೆ ಗೊತ್ತು.

ಎಂಟು ಖಾಲಿ ಸೀಸೆ ಕಳಿಸಿದ್ದೇನೆ. ಎಲ್ಲವೂ ಚರಂಡಿಯ ಹತ್ತಿರದ ನಾಲ್ಕು ಗುರುತುಗಳಿಗೇ. ನಾಲ್ಕನ್ನು ಬೆಳಕು ಹರಿಯುವ ಮುಂಚೆ ತುಂಬಿಸು, ನಾಲ್ಕನ್ನು ಅದೇ ದಿನ ನಡುಹಗಲಲ್ಲಿ. ಈಗ ಶೆಡ್ಡು ಮುಚ್ಚಿದೆ, ಚರಂಡಿ ಒಣಗಿದೆ, ಎರಡೂ ಹೊತ್ತಿಗೆ ಬಣ್ಣವಿಲ್ಲ. ಆಗಲೂ ಕತ್ತಲಿನ ಹೊಟ್ಟೆ ಖಾಲಿ, ಹಗಲಿನ ಹೊಟ್ಟೆ ತುಂಬಿದ್ದರೆ, ನಾವು ಬಣ್ಣದ ಮೇಲೆ ಹೊರಿಸಿದ್ದು ಕತ್ತಲಿನ ಕೆಲಸ ಎಂದು ಸಾಬೀತಾಗುತ್ತದೆ.

ತುಂಬಿಸದಿದ್ದರೂ ಸೀಸೆ ವಾಪಸು ಕಳಿಸು. ಕಚೇರಿಯ ಲೆಕ್ಕದವು.

ಗುಬ್ಬಿ


ಏಪ್ರಿಲ್ 23

ಗುಬ್ಬಿ,

ಬೆಳಗಿನ ನಾಲ್ಕೂವರೆಯಿಂದ ಐದೂವರೆ. ಎರಡು ಸಲವೂ.

ಬರೆದುಬಿಟ್ಟೆ. ಇನ್ನು ಉಳಿದದ್ದನ್ನು ಬರೆಯಬಹುದು.

ಅದನ್ನು ಸುಳ್ಳೆಂದು ನಾನು ಅಂದುಕೊಂಡೇ ಇರಲಿಲ್ಲ. ನಮೂನೆ ಹನ್ನೊಂದರಿಂದ ಎರಡು ಎನ್ನುತ್ತಿತ್ತು, ಬರೆದೆ. ಬಾರದ ಕೂಲಿಯವರ ಹಾಜರಿ ಹಾಕುವ, ಕಟ್ಟದ ತೊಟ್ಟಿಗೆ "ಪೂರ್ಣಗೊಂಡಿದೆ" ಎಂದು ಬರೆಯುವ ಗುಮಾಸ್ತರ ಮೇಲೆ ನಾನು ಇಪ್ಪತ್ತಮೂರು ಪತ್ರ ಬರೆದಿದ್ದೇನೆ. ಅವರೂ ಹೀಗೆಯೇ, ಇದೊಂದು ಕಾಲಂ ತಾನೇ ಎಂದು ಬರೆಯುತ್ತಿದ್ದರೇನೋ.

ಕತ್ತಲಲ್ಲಿ ಯಾಕೆ ಹೋದೆ ಎಂದರೆ, ನಾಚಿಕೆಗೆ. ಹಗಲು ಹೋದರೆ ದಂಡೆಯ ಮೇಲೆ ಮೇಸ್ತ್ರಿ ಅಕ್ಕ ಇರುತ್ತಾಳೆ, "ಅಣ್ಣ, ಊಟ ಆಯ್ತಾ?" ಎಂದು ಅಲ್ಲಿಂದಲೇ ಕೂಗುತ್ತಾಳೆ. ಅವಳು ನಿನ್ನ ಅತ್ತಿಗೆಯನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದಳು. ಎಷ್ಟು ತೊಳೆದರೂ ಬಿಡದ ನೀಲಿ ಬೆರಳು. ಒಂದು ದಿಂಬಿನ ಚೀಲದ ಮೇಲೆ ಆ ಬೆರಳುಗಳ ಗುರುತು ಈಗಲೂ ಇದೆ. ಅವಳ ಕಣ್ಣೆದುರು ಅವಳ ಕೆಲಸದ ವಿರುದ್ಧ ಬಲೆ ಎಳೆಯಲು ನನಗೆ ಆಗಲಿಲ್ಲ. "ಯಜಮಾನ್ರೇ, ಕಳ್ಳರು ಹೋಗೋ ಹೊತ್ತಿಗೆ ನಾವ್ಯಾಕೆ ಹೋಗ್ತಿದ್ದೀವಿ?" ಎಂದು ಮೌನಿ ಕೇಳಿದ. ಬಾಯಿ ಮುಚ್ಚು ಎಂದೆ. ಆಮೇಲೆ ಅವನು ಆಚೆ ದಂಡೆಯಲ್ಲಿ ತನ್ನ ಬಲೆ ಎತ್ತುತ್ತಿದ್ದ. ಅಷ್ಟರಲ್ಲಿ ಬಿಸಿಲೇರುತ್ತಿತ್ತು, ದೂರದ ನಾಲ್ಕು ಸೀಸೆಗಳನ್ನು ಒಂಬತ್ತು ಹತ್ತರ ಹೊತ್ತಿಗೆ ತುಂಬುತ್ತಿದ್ದೆ. ಅಷ್ಟೇ ನಡೆದದ್ದು. ನಾಲ್ಕಕ್ಕೆ ಕತ್ತಲು, ನಾಲ್ಕಕ್ಕೆ ಬೆಳಕು, ಎಂಟಕ್ಕೂ ಒಂದೇ ಹೊತ್ತು ಬರೆದವನು ನಾನು.

ನಿನ್ನೆ ನೀನು ಹೇಳಿದಂತೆ ಮಾಡಿದೆ. ಬೆಳಿಗ್ಗೆ ನಾಲ್ಕು ಸೀಸೆ. ಮಧ್ಯಾಹ್ನ ಮತ್ತೆ ದೋಣಿ ಇಳಿಸಿದೆವು. ಮೊಹರು ಹಾಕಿದ ಬಾಗಿಲ ಪಕ್ಕದ ನೆರಳಲ್ಲಿ ಏಳೆಂಟು ಹೆಂಗಸರು ಸುಮ್ಮನೆ ಕೂತಿದ್ದರು. ಕೆಲಸವಿಲ್ಲದಿದ್ದರೂ ಅದೇ ಹೊತ್ತಿಗೆ ಬಂದು ಕೂರುತ್ತಾರಂತೆ. ದೋಣಿಯನ್ನು ದಂಡೆಗೆ ತರಿಸಿ, ನಿಂತುಕೊಂಡೇ ಎಲ್ಲ ಹೇಳಿದೆ. ಯಾರೂ ಕೂಗಾಡಲಿಲ್ಲ. ಒಬ್ಬಳು ಮಾತ್ರ, "ಓದಿದವರು ಇಷ್ಟು ಸುಲಭವಾಗಿ ಬರೆದುಬಿಡ್ತಾರಾ?" ಎಂದು ಪಕ್ಕದವಳನ್ನು ಕೇಳಿದಳು. ನನ್ನನ್ನು ಕೇಳಲಿಲ್ಲ.

ಮೇಸ್ತ್ರಿ ಅಕ್ಕ ಎದ್ದು ಬಂದಳು. "ಈಗ ಹೇಳ್ತಿರೋದು ನಿಜ ಅಂತ ಹೇಗೆ ನಂಬೋದು?"

"ನಂಬಬೇಡಮ್ಮ. ದೋಣಿ ಹತ್ತು."

"ಹತ್ತು ಅಂದ್ರೆ ಹತ್ತಿಬಿಡ್ತಾಳೆ, ದೋಣಿ ನಂದು ಅನ್ನೋದು ನೆನಪಿರಲಿ" ಎಂದ ಮೌನಿ. ಅವಳು ಹತ್ತಿದಳು. ನಾಲ್ಕು ಸಲವೂ ಬಲೆಯ ಹಗ್ಗವನ್ನು ನನ್ನ ಜೊತೆ ಎಳೆದಳು. ಹೊತ್ತಿನ ಕಾಲಂಗೆ ಬಂದಾಗ ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡು, ಮೌನಿಯ ಗಡಿಯಾರ ನೋಡಿ, ತಾನೇ ಬರೆದಳು. ಹನ್ನೆರಡು ಗಂಟೆ ಹತ್ತು ನಿಮಿಷ, ಹನ್ನೆರಡೂ ಇಪ್ಪತ್ತೈದು. ಆ ನಾಲ್ಕು ಸಾಲುಗಳ ಅಕ್ಷರ ಅವಳದು. ಆ ನಮೂನೆಯಲ್ಲಿ ನಂಬತಕ್ಕದ್ದು ಅಷ್ಟೇ.

ನಿನ್ನೆ ಸಂಜೆಯೇ ಪತ್ರಿಕೆಗೂ ತಿದ್ದುಪಡಿ ಕೊಟ್ಟೆ. ಇವತ್ತು ಒಂಬತ್ತನೇ ಪುಟದಲ್ಲಿ ಎರಡು ಸಾಲು ಬಂತು, ವಧೂವರರ ಜಾಹೀರಾತಿನ ಕೆಳಗೆ. ಚೌಕಟ್ಟಿಲ್ಲ.

ನಿನ್ನ ಏಪ್ರಿಲ್ ಮೂರರ ಪತ್ರದಲ್ಲಿ ಇನ್ನೂ ಒಂದಕ್ಕೆ ನಾನು ಉತ್ತರ ಕೊಟ್ಟಿಲ್ಲ. ವಿಚಾರಣೆ ಮುಗಿಯಲಿ.

ಅಣ್ಣ


ಏಪ್ರಿಲ್ 28

ಅಣ್ಣ,

ವಿಚಾರಣೆಗೆ ಮುಂಚೆ ತಲುಪಲಿ ಎಂದು ರಜೆಯ ದಿನವನ್ನೂ ಬಿಡದೆ, ದಿನಕ್ಕೆ ಇಪ್ಪತ್ತರಂತೆ ಕೂತು ಎಣಿಸಿ, ಇದನ್ನು ನಿಮ್ಮೂರಿನ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಡುತ್ತಿದ್ದೇನೆ.

ಕತ್ತಲಿನ ಸೀಸೆಗಳು: ನಲವತ್ತಮೂರು ಮರಿ, ಮೂವತ್ತೆಂಟು ಖಾಲಿ. ಅಲ್ಪವಿರಾಮಗಳು ಲೆಕ್ಕವಿಲ್ಲದಷ್ಟು.

ಮಧ್ಯಾಹ್ನದ ಸೀಸೆಗಳು: ಮೂವತ್ತೊಂಬತ್ತು ಮರಿ, ಆರು ಖಾಲಿ. ಅಲ್ಪವಿರಾಮ ಒಂದೂ ಇಲ್ಲ.

ನಿರ್ದೇಶಕರು ಸಹಿ ಹಾಕಿದ್ದಾರೆ. ಕೆಳಗೆ ನನ್ನ ಹೆಸರಿಲ್ಲ, ನಾನೇ ಬೇಡವೆಂದೆ.

ಓದುವಾಗ ಒಂದು ಮಾತು ಬಿಡಬೇಡ. ಬಣ್ಣದ ನೀರು ಮರಿಗಳಿಗೆ ಕೆಡುಕು ಮಾಡುವುದಿಲ್ಲ ಎಂದು ಇದು ಹೇಳುವುದಿಲ್ಲ. ಚರಂಡಿ ಹರಿಯುತ್ತಿದ್ದಾಗ ಹಗಲಿನ ಸೀಸೆ ನಮ್ಮ ಬಳಿ ಒಂದೂ ಇಲ್ಲ. ತುಂಬಿಸಬಹುದಾಗಿದ್ದ ಕಾಲದಲ್ಲಿ ತುಂಬಿಸಲಿಲ್ಲ. ನಮಗೆ ಗೊತ್ತಿಲ್ಲ ಎಂದೇ ಹೇಳಬೇಕು.

ಗುಬ್ಬಿ


ಮೇ 3

ಗುಬ್ಬಿ,

ನಗರಸಭೆಯ ಸಭಾಂಗಣ, ಅದೇ ಉದ್ದ ಮೇಜು. ನಾನು ಹನ್ನೊಂದು ವರ್ಷದ ಹಿಂದೆ ಕೂತ ಕುರ್ಚಿಯ ಕಾಲು ಇನ್ನೂ ಅಲ್ಲಾಡುತ್ತದೆ. ನಿನ್ನ ಅಂಕಿ ಓದಿದೆ. ನಾನು ಬರೆದ ಹೊತ್ತು ಓದಿದೆ, ನಿಜವಾದ ಹೊತ್ತು ಓದಿದೆ. "ಬಣ್ಣದ ನೀರಿನಿಂದ ಏನಾಗುತ್ತದೆಂದು ನಮಗೆ ಗೊತ್ತಿಲ್ಲ" ಎಂಬ ಸಾಲನ್ನು ನೀನು ಹೇಳಿದಂತೆಯೇ ಓದಿದೆ. ಆ ಮಾತು ನನ್ನ ಬಾಯಲ್ಲಿ ಎಷ್ಟು ಅಪರೂಪವೆಂದರೆ ಹಿಂದಿನ ಸಾಲಿನಲ್ಲಿದ್ದ ವಾಚನಾಲಯದವರು ತಲೆ ಎತ್ತಿ ನೋಡಿದರು.

ಅಧ್ಯಕ್ಷರು, "ಈ ವಯಸ್ಸಿನಲ್ಲಿ ನಿಮ್ಮ ಪ್ರಾಮಾಣಿಕತೆ ಮೆಚ್ಚಬೇಕಾದ್ದು" ಎಂದರು. ನಾಲ್ಕು ಜನ ಚಪ್ಪಾಳೆಯನ್ನೂ ತಟ್ಟಿದರು. ಗುಬ್ಬಿ, ನನ್ನ ಬದುಕಿನಲ್ಲಿ ಅಷ್ಟು ಕೆಟ್ಟ ಸದ್ದು ನಾನು ಕೇಳಿಲ್ಲ. ಮೇಸ್ತ್ರಿ ಅಕ್ಕ ತಟ್ಟಲಿಲ್ಲ. ಅವಳ ಕೈ ಮಡಿಲಲ್ಲೇ ಇತ್ತು. ಒಂದು ತಿಂಗಳು ಕೆಲಸವಿಲ್ಲದೆ ಬೆರಳುಗಳ ನೀಲಿ ತೆಳುವಾಗಿತ್ತು.

ಮೊಹರು ತೆಗೆಯಲು ಆದೇಶವಾಯಿತು. ಮೂವತ್ತೆಂಟರಲ್ಲಿ ಒಂಬತ್ತು ಜನ ಆಗಲೇ ಬೇರೆ ಊರಿಗೆ ಕೆಲಸ ಹುಡುಕಿಕೊಂಡು ಹೋಗಿದ್ದಾರೆ. ಅವರನ್ನು ಆದೇಶ ವಾಪಸು ತರುವುದಿಲ್ಲ.

ತೊಟ್ಟಿಯ ಮಾತನ್ನು ಎತ್ತಲು ನನಗೆ ಬಾಯಿ ಬರಲಿಲ್ಲ. ನಾನು ಎತ್ತಿದ್ದರೆ ಯಾರು ಕೇಳುತ್ತಿದ್ದರು? ಎಲ್ಲರೂ ಏಳುತ್ತಿದ್ದಾಗ ಮೇಸ್ತ್ರಿ ಅಕ್ಕ ನಿಂತು ಕೇಳಿದಳು: "ತೊಟ್ಟಿ ಯಾವಾಗ ಕಟ್ತೀರಿ? ಮೀನಿನ ಹೊಟ್ಟೆ ಆಮೇಲೆ ನೋಡೋಣ ಸಾರ್. ದಿನಾ ಎಂಟು ಗಂಟೆ ಆ ನೀರಲ್ಲಿ ಇರೋದು ನಮ್ಮ ಕಾಲು." ಅಧ್ಯಕ್ಷರು ಪರಿಶೀಲಿಸುತ್ತೇವೆ ಎಂದರು. "ಬರೆದು ಕೊಡಿ. ದಿನಾಂಕ ಹಾಕಿ" ಎಂದಳು. ಅವರು ಬರೆದು ಕೊಡುವವರೆಗೆ ಅವಳು ಕೂರಲಿಲ್ಲ. ಹನ್ನೊಂದು ವರ್ಷದಲ್ಲಿ ನನ್ನಿಂದ ಆಗದ್ದು ಅವಳು ನಿಂತ ಕಾಲಿನಲ್ಲಿ ಮಾಡಿದಳು.

ಹೊರಗೆ ಮೆಟ್ಟಿಲ ಹತ್ತಿರ ಎದುರಾದಳು. ಊಟ ಆಯ್ತಾ ಎಂದು ಕೇಳಲಿಲ್ಲ. ಮುಂದೆ ಎಂದಾದರೂ ಕೇಳುತ್ತಾಳೋ ಇಲ್ಲವೋ. ಅದನ್ನು ಬಯಸುವ ಹಕ್ಕು ನನಗೆ ಈಗ ಇಲ್ಲ.

ಇನ್ನು ಉಳಿದ ಉತ್ತರ. ಇದಕ್ಕಾಗಿ ಮೂರು ದಿನದಿಂದ ಕಾಗದ ಹಾಳು ಮಾಡುತ್ತಿದ್ದೇನೆ.

ನನಗೆ ಎಲ್ಲ ನೆನಪಿದೆ ಎಂದು ಊರಿಗೆಲ್ಲ ಹೇಳುತ್ತ ಬಂದವನು ನಾನು. ಯಾರು ಯಾವ ವಾರ ಏನು ಹೇಳಿದರು, ಕನ್ನಡಕ ಒರೆಸುತ್ತಿದ್ದರೋ ಇಲ್ಲವೋ, ಎಲ್ಲ. ಹಾಗಾಗಿ ಇದೂ ನೆನಪಿದೆ. ನಿನಗೆ ಜ್ವರ ಬಂದ ಆ ವಾರ ಪ್ರೆಸ್ಸಿನಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವಾರ. ನೀನು ಒಳಗಿನ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಅವರೆಬೀಜಗಳ ತಟ್ಟೆ ಕಿಟಕಿಯ ಕಟ್ಟೆಯ ಮೇಲಿತ್ತು, ಪುಸ್ತಕ ಅದರ ಪಕ್ಕದಲ್ಲಿ, ಪುಸ್ತಕಕ್ಕೆ ದಾರದಲ್ಲಿ ಕಟ್ಟಿದ ಪೆನ್ಸಿಲ್ಲು. ದಿನಾ ಬೆಳಿಗ್ಗೆ ಆ ಕಿಟಕಿಯ ಪಕ್ಕದ ಕನ್ನಡಿಯಲ್ಲಿ ತಲೆ ಬಾಚಿಕೊಂಡು ಹೋಗುತ್ತಿದ್ದೆ. ನಾಲ್ಕು ದಿನವೂ ನೀರು ಹಾಕಲು ಮರೆತೆ. ಆಮೇಲೆ ಪುಸ್ತಕ ತೆರೆದು ನಿನ್ನ ಸುಳ್ಳು ಅಳತೆಗಳನ್ನು ಕಂಡಾಗ, ನನ್ನ ಮರೆವನ್ನು ಯಾರೂ ಕೇಳದಿರಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಅದಕ್ಕೇ ಅಷ್ಟು ಜೋರಾಗಿ ನಿನ್ನ ಕೈ ಹಿಡಿದೆ.

ಅದು ಜ್ವರದಲ್ಲಿ ಅನಿಸಿದ್ದಲ್ಲ. ನೀನು ನನಗೆ ಹೇಳಿದ್ದೆ, ಗುಬ್ಬಿ. ಎರಡು ಸಲ ಹೇಳಿದ್ದೆ.

ಅಣ್ಣ